ಗುಳಿಯೊಳಗಿನ ಸೊನ್ನೆ

ಎರಡನೆಯ ಸಲ ಗಡ್ಡ ಕೆರೆದುಕೊಳ್ಳುವಾಗ ಗದ್ದದ ತಿರುವಿನಲ್ಲಿ ಬ್ಲೇಡು ತಾಗಿತು. ಕೆನ್ನೆಯ ಮೇಲೆ ಸಲೀಸಾಗಿ ಓಡಾಡಿದ ಬ್ಲೇಡು ಬಾಗು ಬಂದ ಕೂಡಲೇ ತನ್ನ ಬುದ್ಧಿ ತೋರಿಸಿತ್ತು. ಎಲ್ಲಿ ಬಾಗು ಹೆಚ್ಚೋ ಅಲ್ಲಿ ಹೆಚ್ಚು ಎಂದು ಮನಸ್ಸು ತಾನೇ ತಾನಾಗಿ ಹೇಳಿಕೊಂಡಿತು, ಅದೂ ಅವನು ವರ್ಷಾನುಗಟ್ಟಲೆ ಫಿಸಿಕ್ಸ್ ಕ್ಲಾಸಿನಲ್ಲಿ ಹೇಳುತ್ತ ಬಂದ ಅದೇ ರಾಗದಲ್ಲಿ, ಕೊನೆಯ ‘ಹೆಚ್ಚು’ವನ್ನು ಸ್ವಲ್ಪ ಎಳೆದು. ಕನ್ನಡಿಯಲ್ಲಿ ಆ ರಾಗ ಎಳೆದ ಬಾಯಿಯನ್ನು ಕಂಡು ಅವನಿಗೆ ನಾಚಿಕೆಯಾಯಿತು. ಐವತ್ತೆರಡು ವರ್ಷದ ಮುಖ, ಮೂಗಿನ ಕೆಳಗೆ ಸೋಪಿನ ನೊರೆ, ಗದ್ದದಲ್ಲಿ ಸಾಸಿವೆಯಷ್ಟು ರಕ್ತ. ಇಷ್ಟೂ ಸಾಲದು ಎಂಬಂತೆ ಬಚ್ಚಲಿನ ಬಾಗಿಲಿಗೆ ಬಂದು ನಿಂತ ಹೆಂಡತಿ ಎರಡೂ ಕೈ ಸೊಂಟದ ಮೇಲಿಟ್ಟುಕೊಂಡು ನೋಡುತ್ತಿದ್ದಳು.

“ಏನ್ರೀ, ಪರೀಕ್ಷೆ ಇರೋದು ಹುಡುಗರಿಗೋ ನಿಮಗೋ?”

“ಹೊರಗಿನ ಪರೀಕ್ಷಕರು ಬರ್ತಾರೆ ಇವತ್ತು.”

“ಪ್ರತಿ ವರ್ಷ ಬರ್ತಾರೆ. ಪ್ರತಿ ವರ್ಷ ನೀವು ಎರಡೆರಡು ಸಲ ಷೇವ್ ಮಾಡ್ಕೊಳಲ್ಲ.”

“ಈ ಸಲ ಬರೋರು ನನ್ನ ಹಳೇ ಸ್ಟೂಡೆಂಟು,” ಎಂದ. ಹತ್ತು ದಿನದಿಂದ ನಾಲಿಗೆಯ ತುದಿಗೆ ಬಂದು ವಾಪಸ್ಸಾಗುತ್ತಿದ್ದ ಮಾತು ಹೀಗೆ ನೊರೆಯ ಜೊತೆ ಹೊರಬಿತ್ತು. “ನಾನು ಸೇರಿದ ವರ್ಷದ ಬ್ಯಾಚು.”

ಅವಳು ಒಂದು ಕ್ಷಣ ಲೆಕ್ಕ ಹಾಕಿದಳು. ಆಮೇಲೆ ಮುಖವೆಲ್ಲ ಅರಳಿ, “ಆ ಸೊನ್ನೆ ಹುಡುಗೀನಾ? ಕದ್ದು ರೀಡಿಂಗ್ ಬರ್ಕೊಂಡು ನಿಮ್ಮ ಕೈಲಿ ಸಿಕ್ಕಿಬಿದ್ದೋಳು?” ಎಂದು ನಕ್ಕಳು. ಮದುವೆಯಾದ ಹೊಸತರಲ್ಲಿ, ಹೊಸ ಹೆಂಡತಿಯನ್ನು ನಗಿಸಲು ಬೇರೆ ಸರಕಿಲ್ಲದೆ, ಅವನೇ ಹೇಳಿದ ಕತೆ. ಆ ಕತೆಯಲ್ಲಿ ಅವನು ಚುರುಕುಗಣ್ಣಿನ ಎಳೆಯ ಮೇಷ್ಟ್ರು. ಹುಡುಗಿ ಒಬ್ಬ ಸಣ್ಣ ಕಳ್ಳಿ. ಬಂಧುಗಳ ಮನೆಯಲ್ಲಿ ಹೆಂಡತಿಯೇ ಕೇಳಿ ಕೇಳಿ ಹೇಳಿಸಿದ್ದಳು, ಅವನು ಹೇಳಿಯೂ ಇದ್ದ, ಪ್ರತಿ ಸಲ ಇನ್ನಷ್ಟು ಉಪ್ಪುಖಾರ ಹಚ್ಚಿ. “ನೋಡಿ, ಎಷ್ಟು ಮೇಲೆ ಬಂದುಬಿಟ್ಟಳು. ನಿಮ್ಮ ಆವತ್ತಿನ ಏಟೇ ಅವಳನ್ನ ತಿದ್ದಿರಬೇಕು,” ಎಂದು ಹೇಳಿ ಅವಳು ಒಳಗೆ ಹೋದಳು. ಅವನು ಗದ್ದವನ್ನು ನೀರಿನಲ್ಲಿ ತೊಳೆದ. ರಕ್ತ ನಿಂತಿತ್ತು, ಉರಿ ಇತ್ತು.

ದಾರಿಯುದ್ದಕ್ಕೂ ಗುಂಡಗಿನ ವಸ್ತುಗಳೇ ಕಣ್ಣಿಗೆ ಬೀಳುತ್ತಿದ್ದವು. ಬಸ್ಸಿನ ಕಂಬಿಯ ತುದಿಯ ಗುಬುಟು, ಮುಂದಿನ ಸೀಟಿನವನ ಬೋಳುತಲೆ, ಯಾರದೋ ಮಡಿಲಲ್ಲಿದ್ದ ಸ್ಟೀಲಿನ ಡಬ್ಬಿ. ಇವಕ್ಕೆಲ್ಲ ವಿದ್ಯುತ್ತಿನ ಚಾರ್ಜು ಕೊಟ್ಟರೆ ಎಲ್ಲೆಲ್ಲಿ ಎಷ್ಟೆಷ್ಟು ಕೂರುತ್ತದೆ ಎಂದು ಲೆಕ್ಕ ಹಾಕುವುದು ಅವನ ಹಳೆಯ ಚಟ. ಬೋಳುತಲೆಯವರ ಹಿಂದೆ ಕೂತಾಗ ಹೊತ್ತು ಹೋಗುವುದೇ ತಿಳಿಯುತ್ತಿರಲಿಲ್ಲ. ಇವತ್ತು ಮಾತ್ರ ಆ ಚಟ ಅವನನ್ನು ಸುತ್ತಿ ಬಳಸಿ ಒಂದೇ ಮೇಜಿನ ಮುಂದೆ ತಂದು ನಿಲ್ಲಿಸುತ್ತಿತ್ತು. ಆ ಮೇಜಿನ ಮೇಲೆ ಸೋರೆಕಾಯಿ. ಸೋರೆಕಾಯಿ ಎನ್ನುವುದು ಲ್ಯಾಬಿನವರು ಇಟ್ಟ ಅಡ್ಡಹೆಸರು: ಒಂದು ಕಡೆ ದಪ್ಪಗಿದ್ದು ಇನ್ನೊಂದು ಕಡೆಗೆ ಚೂಪಾಗುತ್ತ ಹೋಗುವ, ಮೊಣಕೈ ಉದ್ದದ ಟೊಳ್ಳು ಹಿತ್ತಾಳೆ. ಗಾಜಿನ ಕಾಲಿನ ಮೇಲೆ ಅಡ್ಡಲಾಗಿ ಕೂತಿರುತ್ತದೆ. ಚಕ್ರದ ಯಂತ್ರ ತಿರುಗಿಸಿ ಅದಕ್ಕೆ ಚಾರ್ಜು ಕೊಡಬೇಕು. ಗಾಜಿನ ಕಡ್ಡಿಯ ತುದಿಯಲ್ಲಿರುವ ಸಣ್ಣ ಲೋಹದ ಗುಂಡನ್ನು ಸೋರೆಕಾಯಿಯ ಮೈಗೆ ಮುಟ್ಟಿಸಿ, ಅಲ್ಲಿಂದ ಎತ್ತಿಕೊಂಡ ಚಾರ್ಜನ್ನು ಚಿನ್ನದ ರೇಕಿನ ಪೆಟ್ಟಿಗೆಗೆ ದಾಟಿಸಿದರೆ, ಒಳಗೆ ಜೋತುಬಿದ್ದ ಎರಡು ರೇಕುಗಳು ಬಿಚ್ಚಿಕೊಳ್ಳುತ್ತವೆ. ಎಷ್ಟು ಬಿಚ್ಚಿಕೊಂಡವು ಎಂದು ಹಿಂದಿನ ಸ್ಕೇಲಿನಲ್ಲಿ ನೋಡಿದರೆ ಆ ಜಾಗದಲ್ಲಿ ಚಾರ್ಜು ಎಷ್ಟು ಒತ್ತಾಗಿ ಕೂತಿದೆ ಎಂದು ತಿಳಿಯುತ್ತದೆ. ಪಕ್ಕೆಯಲ್ಲಿ ಐದು, ದಪ್ಪ ತುದಿಯಲ್ಲಿ ಏಳು, ಚೂಪು ತುದಿಯಲ್ಲಿ ಹದಿನೆಂಟು. ಮೂರು ಸಾಲು ಬರೆದು, ಬಾಗು ಹೆಚ್ಚಿದಷ್ಟೂ ಚಾರ್ಜು ಹೆಚ್ಚು ಎಂದು ಕೆಳಗೆ ಗೆರೆ ಎಳೆದರೆ ಮುಗಿಯಿತು. ಎಲ್ಲರೂ ಅಷ್ಟೇ ಮಾಡುತ್ತಿದ್ದರು.

ಹತ್ತೊಂಬತ್ತು ವರ್ಷದ ಆ ಹುಡುಗಿ ನಾಲ್ಕನೆಯ ಸಾಲು ಬರೆದಳು. ದಪ್ಪ ತುದಿಯ ನಟ್ಟನಡುವೆ ಹೆಬ್ಬೆರಳು ಪೂರ್ತಿ ಇಳಿಯುವಂಥ ಒಂದು ಗುಳಿ ಇತ್ತು. ತಯಾರಿಸಿದವರು ಬಿಗಿದ ಸ್ಕ್ರೂವಿನ ತಲೆ ಅದರ ತಳದಲ್ಲಿ ಹೆಸರುಕಾಳಿನ ಹಾಗೆ ಎದ್ದು ಕಾಣುತ್ತಿತ್ತು. “ಸರ್, ಈ ಸ್ಕ್ರೂ ಚೂಪು ತುದಿಗಿಂತ ಚೂಪಾಗಿದೆ. ಇಲ್ಲಿ ಹದಿನೆಂಟಕ್ಕಿಂತ ಜಾಸ್ತಿ ಬರಬೇಕಲ್ವಾ? ಏನೂ ಬರ್ತಾ ಇಲ್ಲ, ನೋಡಿ,” ಎಂದಿದ್ದಳು. ಅವನು ಬಗ್ಗಿ ನೋಡಿದ. ಅವಳು ಗುಂಡನ್ನು ಗುಳಿಯ ಅಂಚಿಗೆ ತಾಗದ ಹಾಗೆ ಉಸಿರು ಬಿಗಿಹಿಡಿದು ಇಳಿಸಿ, ಸ್ಕ್ರೂವಿಗೆ ಮುಟ್ಟಿಸಿ, ಅಷ್ಟೇ ನಾಜೂಕಾಗಿ ಎತ್ತಿ ರೇಕಿನ ಪೆಟ್ಟಿಗೆಗೆ ತಾಗಿಸಿದಳು. ರೇಕುಗಳು ಅಲುಗಲಿಲ್ಲ. ಇನ್ನೊಮ್ಮೆ ಮಾಡು ಎಂದ. ಅಲುಗಲಿಲ್ಲ. ಯಂತ್ರವನ್ನು ಅವನೇ ತಿರುಗಿಸಿ ಮೂರನೆಯ ಸಲ ಮಾಡಿಸಿದ. ಎರಡು ಚಿನ್ನದ ರೇಕುಗಳು ಒಂದಕ್ಕೊಂದು ಅಂಟಿಕೊಂಡು ನಿದ್ದೆ ಹೋದ ಹಾಗೆ ಇದ್ದವು. ಅವಳು ಸೊನ್ನೆ ಎಂದು ಬರೆದಳು. ಅಷ್ಟರಲ್ಲಿ ದೊಡ್ಡ ಮೇಷ್ಟ್ರು ಬಂದರು. ದೊಡ್ಡ ಮೇಷ್ಟ್ರು ಎಂದರೆ ವಿಭಾಗದ ಮುಖ್ಯಸ್ಥರು. ಅವನ ಕೆಲಸ ಕಾಯಮ್ಮಾಗುವ ಕಡತ ಅವರ ಮೇಜಿನ ಮೇಲಿದ್ದ ಕಾಲ ಅದು. ನೆನಪಿನಲ್ಲಿ ಅವರು ಯಾವಾಗಲೂ ಗುಡುಗುತ್ತಲೇ ಒಳಗೆ ಬರುತ್ತಾರೆ. ಇದೇನು ಸೊನ್ನೆ, ನೀವು ನೋಡಿದ್ರಾ ಎಂದು ಕೇಳುತ್ತಾರೆ. “ಇಲ್ಲ ಸರ್. ನಾನು ನೋಡಿಲ್ಲ. ನೋಡದೇ ಬರ್ಕೊಂಡಿದಾಳೆ,” ಎಂದು ಅವನು ಹೇಳುತ್ತಾನೆ. ಹುಡುಗಿ ಅವನ ಕಡೆ ತಿರುಗಿ ನೋಡುತ್ತಾಳೆ. ಸಿಟ್ಟಿನಿಂದಲ್ಲ. ಪಕ್ಕದಲ್ಲಿ ಮೂರು ಸಲ ಬಗ್ಗಿ ನೋಡಿದವನು ಇವನೇನಾ ಅಥವಾ ಇವನ ಹಾಗೇ ಇರುವ ಬೇರೆ ಯಾರಾದರೂ ಇದ್ದಾರಾ ಎಂದು ಹುಡುಕುವವಳ ಹಾಗೆ.

ಸ್ಟಾಪು ದಾಟಿ ಹೋಗಿತ್ತು. ಕಂಡಕ್ಟರು, “ಏನ್ ಸಾರ್, ನಿದ್ದೇನಾ?” ಎಂದು ಎಲ್ಲರಿಗೂ ಕೇಳುವಂತೆ ಕೂಗಿ ಬಸ್ಸು ನಿಲ್ಲಿಸಿದ. ಬೋಳುತಲೆಯವನೂ ತಿರುಗಿ ನೋಡಿದ. ಇಳಿದು ಅರ್ಧ ಮೈಲಿ ಹಿಂದಕ್ಕೆ ನಡೆದ. ನಡೆಯುವಾಗ, ಅವಳು ಎಲ್ಲರೆದುರು ಸ್ಟೂಲಿನ ಮೇಲೆ ಕೂತು ರೆಕಾರ್ಡು ಪುಸ್ತಕದಲ್ಲಿ ಬರೆದದ್ದು ನೆನಪಾಯಿತು: ರೀಡಿಂಗನ್ನು ನೋಡದೆ ಬರೆದಿದ್ದೇನೆ, ತಪ್ಪಾಯಿತು, ಕ್ಷಮಿಸಬೇಕು. ಆಮೇಲೆ ಅವನು ಹೇಳಿದಂತೆ ಸೊನ್ನೆಯನ್ನು ಹೊಡೆದು ಹಾಕಿ ಇಪ್ಪತ್ತೆರಡು ಎಂದು ಬರೆದಳು. ಇಪ್ಪತ್ತೆರಡು ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಅವನ ಬಾಯಿಗೆ ಬಂದ ಸಂಖ್ಯೆ ಅದು. ವರ್ಷ ಮುಗಿಯುವ ತನಕ ಹುಡುಗರು ಅವಳನ್ನು ಸೊನ್ನೆ ಎಂದೇ ಕರೆದರು, ಅವನ ಕಿವಿಗೆ ಬೀಳುವ ಹಾಗೆ. ಮೇಷ್ಟ್ರಿಗೆ ಖುಷಿಯಾಗುತ್ತದೆ ಎಂದು.

ಹತ್ತು ಗಂಟೆಗೆ ಪರೀಕ್ಷಕಿ ಬಂದರು. ನಲವತ್ತೈದರ ಹೆಂಗಸು, ಕನ್ನಡಕ, ಕೈಯಲ್ಲಿ ಉತ್ತರಪತ್ರಿಕೆಯ ಚೀಲ, ಬಾಗಿಲಲ್ಲಿ ಒಂದು ಗಳಿಗೆ ನಿಂತು ಲ್ಯಾಬನ್ನು ಈ ಕೊನೆಯಿಂದ ಆ ಕೊನೆಗೆ ನೋಡಿದರು. “ನಮಸ್ಕಾರ ಸರ್. ಗುರುತು ಸಿಕ್ತಾ?” ಎಂದು ಕೇಳಿದರು. ಹತ್ತು ದಿನದಿಂದ ಆ ಹೆಸರನ್ನು ದಿನಕ್ಕೆ ಹತ್ತು ಸಲ ಓದಿದವನು ಹಣೆ ಉಜ್ಜಿಕೊಂಡು, “ಎಲ್ಲೋ ನೋಡಿದ ಹಾಗಿದೆಯಲ್ಲಾ...” ಎಂದ. ಹೀಗೆ ಮೊದಲನೆಯ ಮಾತೇ ಸುಳ್ಳಾಯಿತು. ಅವರು ನಕ್ಕು, “ನಿಮ್ಮ ಮೊದಲನೇ ಬ್ಯಾಚು ಸರ್,” ಎಂದರು. “ಓ! ಓಹೋಹೋ!” ಎಂದ. ಆ ಕೊನೆಯ ಹೋ ಅಗತ್ಯವಿರಲಿಲ್ಲ ಎಂದು ಅವನಿಗೇ ಅನ್ನಿಸಿತು. ಗೋಡೆಯ ಪಕ್ಕ ನಿಂತಿದ್ದ ಅಟೆಂಡರು, ಆ ಕಾಲದಿಂದಲೂ ಇದೇ ಲ್ಯಾಬಿನಲ್ಲಿರುವ ಮನುಷ್ಯ, ಬಟ್ಟೆಯಿಂದ ಲೆನ್ಸು ಒರೆಸುತ್ತ ತಲೆ ಎತ್ತಲಿಲ್ಲ.

ಬೆಳಗಿನ ತಂಡದಲ್ಲಿ ಹನ್ನೆರಡು ಜನ. ಪರೀಕ್ಷಕಿ ಮೇಜಿನಿಂದ ಮೇಜಿಗೆ ಹೋಗಿ ಹುಡುಗರ ರೀಡಿಂಗು ನೋಡುತ್ತಿದ್ದರು. ಸ್ಕೇಲಿಗೆ ಕಣ್ಣು ತಂದು, ಮುಖ ಬಲಕ್ಕೊಮ್ಮೆ ಎಡಕ್ಕೊಮ್ಮೆ ಸರಿಸಿ, ಸರಿಯಾಗಿ ನೋಡುತ್ತಿದ್ದರು. ಅಷ್ಟು ಚೆನ್ನಾಗಿ ನೋಡುವ ಪರೀಕ್ಷಕರನ್ನು ಅವನು ಕಂಡಿರಲಿಲ್ಲ. ಆದರೆ ನೋಡಿದ ಮೇಲೆ ಬರೆದುಕೊಳ್ಳುತ್ತಿರಲಿಲ್ಲ. “ಸರ್, ಒಂದ್ಸಲ ಬರ್ತೀರಾ? ಎಷ್ಟಿದೆ ಹೇಳಿ,” ಎಂದು ಅವನನ್ನು ಕರೆಯುತ್ತಿದ್ದರು. ಅವನು ಬಂದು ಹದಿಮೂರೂವರೆ ಎಂದರೆ, “ನನಗೂ ಹಾಗೇ ಕಾಣಿಸ್ತು” ಎಂದು ಆಗ ಬರೆಯುತ್ತಿದ್ದರು. ಮೊದಲ ಎರಡು ಸಲ ಗೌರವಕ್ಕೆ ಕರೆಯುತ್ತಿದ್ದಾರೆ ಅಂದುಕೊಂಡ. ಐದನೆಯ ಸಲಕ್ಕೆ ತನ್ನನ್ನು ಚುಚ್ಚುತ್ತಿದ್ದಾರೆ ಅನ್ನಿಸಿ ಕಿವಿ ಬಿಸಿಯಾಯಿತು. ಎಂಟನೆಯ ಮೇಜಿನಲ್ಲಿ ಅವನು ಇನ್ನೊಬ್ಬ ಹುಡುಗನ ಜೊತೆ ಸಿಕ್ಕಿಕೊಂಡಿದ್ದಾಗ ಅವರು ಅಟೆಂಡರನ್ನು ಕರೆದು ನೋಡಿಸಿದರು. ಆತನಿಗೆ ಹತ್ತಿರದ್ದು ಕಾಣುವುದಿಲ್ಲ. “ಇಪ್ಪತ್ತೋ ಇಪ್ಪತ್ತೊಂದೋ ಇರ್ಬೇಕು ಮೇಡಂ,” ಎಂದು ಆತ ಅಂದಾಜಿಗೆ ಹೇಳಿದ ಮಾತಿಗೆ ಅವರು ತಮ್ಮ ಕಣ್ಣಿನ ರೀಡಿಂಗನ್ನು ಸ್ವಲ್ಪ ಸರಿಸಿಕೊಂಡು ಬರೆದದ್ದನ್ನು ಅವನು ದೂರದಿಂದ ಕಂಡ.

ಮಧ್ಯಾಹ್ನ ಒಂದೂವರೆಗೆ ಎರಡನೆಯ ತಂಡ. ನಡುವೆ ಊಟ. ಲ್ಯಾಬಿನ ಹಿಂದಿನ ಸಣ್ಣ ಕೋಣೆಯಲ್ಲಿ, ಮುರಿದ ಮೀಟರುಗಳ ಮಧ್ಯೆ ಜಾಗ ಮಾಡಿಕೊಂಡು ಇಬ್ಬರೂ ಡಬ್ಬಿ ಬಿಚ್ಚಿದರು. ಅವನು ಅನ್ನ ಕಲಸುತ್ತ ಕೂತ. ಅವರು ಚೆನ್ನಾಗಿ ಹಸಿದವರ ಹಾಗೆ ತಿಂದರು. ತಿನ್ನುತ್ತ, “ಹುಡುಗರು ನಿಮ್ಮನ್ನ ಈಗ್ಲೂ ಬಲ್ಬು ಅಂತಾರಾ ಸರ್?” ಎಂದು ಕೇಳಿದರು. ಗಾಜಿನ ಕಾಲುಗಳ ತೇವ ಆರಲಿ ಎಂದು ಸದಾ ಒಂದು ಬಲ್ಬು ಹಿಡಿದುಕೊಂಡು ಓಡಾಡುತ್ತಿದ್ದುದಕ್ಕೆ ಬಿದ್ದ ಹೆಸರು. “ಅಂತಾರೆ. ಈಗ ಬಲ್ಬು ಹೋಗಿ ಕೂದಲು ಒಣಗಿಸೋ ಮಿಷನ್ನು ಬಂದಿದೆ, ಹೆಸರು ಮಾತ್ರ ಹೋಗಿಲ್ಲ,” ಎಂದ. ಇಬ್ಬರೂ ನಕ್ಕರು. ನಕ್ಕದ್ದರಿಂದ ಅವನಿಗೆ ಧೈರ್ಯ ಬಂದು, ಇವಳು ಮರೆತಿದ್ದಾಳೆ, ದೇವರೇ, ಮರೆತೇಬಿಟ್ಟಿದ್ದಾಳೆ ಎಂದು ಮನಸ್ಸು ಕುಣಿಯಿತು.

“ನಾನು ಒಂದು ವಿಷಯಕ್ಕೆ ನಿಮಗೆ ಥ್ಯಾಂಕ್ಸ್ ಹೇಳ್ಬೇಕು ಸರ್,” ಎಂದರು ಅವರು. “ಆ ಸೋರೆಕಾಯಿ ವಿಷಯ. ನಿಮಗೆ ನೆನಪಿರಲ್ಲ. ನಾನು ಒಂದು ರೀಡಿಂಗು ಸರಿಯಾಗಿ ನೋಡದೆ ಸೊನ್ನೆ ಅಂತ ಬರೆದಿದ್ದೆ. ಗುಂಡು ಸ್ಕ್ರೂಗೆ ಮುಟ್ಟೇ ಇರ್ಲಿಲ್ಲ ಅನ್ಸುತ್ತೆ. ನೀವು ಹಿಡಿದ್ರಿ. ಆಗ ತುಂಬಾ ಅತ್ತೆ, ಒಂದು ವಾರ ಕಾಲೇಜಿಗೆ ಬರ್ಲಿಲ್ಲ. ಆದ್ರೆ ಆಮೇಲಿಂದ ಯಾವ ರೀಡಿಂಗನ್ನೂ ನಾನೊಬ್ಬಳೇ ನೋಡಿ ಬರೆದಿಲ್ಲ. ಇನ್ನೊಬ್ಬರಿಗೆ ತೋರಿಸಿಯೇ ಬರೆಯೋದು. ನನ್ನ ಸ್ಟೂಡೆಂಟ್ಸಿಗೂ ಈ ಕತೆ ಹೇಳ್ತೀನಿ. ನಿಮ್ಮ ಕಣ್ಣನ್ನ ನಂಬಬೇಡ್ರಪ್ಪಾ, ನನ್ನ ಕಣ್ಣು ನನಗೇ ಒಂದ್ಸಲ ಮೋಸ ಮಾಡಿದೆ ಅಂತ.”

ಅವನ ಕೈಯ ತುತ್ತು ಡಬ್ಬಿಗೇ ವಾಪಸ್ಸು ಬಿತ್ತು. ಬೈಯುತ್ತಾರೆ, ಹಂಗಿಸುತ್ತಾರೆ, ತಣ್ಣಗೆ ಒಂದು ಮಾತು ಆಡಿ ಮುಯ್ಯಿ ತೀರಿಸಿಕೊಳ್ಳುತ್ತಾರೆ ಎಂದು ಹತ್ತು ದಿನ ಹತ್ತು ರೀತಿಯಲ್ಲಿ ಎದುರುನೋಡಿದ್ದ. ಒಂದೊಂದಕ್ಕೂ ಒಂದೊಂದು ಉತ್ತರ ಹೊಂದಿಸಿಟ್ಟುಕೊಂಡಿದ್ದ. ಥ್ಯಾಂಕ್ಸ್ ಆ ಹತ್ತರಲ್ಲಿ ಇರಲಿಲ್ಲ. ಅವಳ ರೆಕಾರ್ಡಿನಲ್ಲಿ ಒಂದು ಸಂಖ್ಯೆಯನ್ನು ಕೆಡಿಸಿದ್ದೇನೆ ಎಂದೇ ಇಷ್ಟು ವರ್ಷ ಅಂದುಕೊಂಡಿದ್ದ. ಕೆಟ್ಟದ್ದು ಸಂಖ್ಯೆಯಲ್ಲ, ಅವಳ ಕಣ್ಣು. ಬೆಳಗಿನಿಂದ ಒಂದಾದ ಮೇಲೊಂದು ಮೇಜಿನಲ್ಲಿ ಅವಳು ಅವನನ್ನು ಕರೆದದ್ದು ಚುಚ್ಚುವುದಕ್ಕಲ್ಲ. ಅವನೇ ಕೀಳಾಗಿ ಯೋಚಿಸಿದ್ದ. ಆ ನಾಚಿಕೆಯೂ ಹಳೆಯದರ ಜೊತೆ ಬಂದು ಕೂತಿತು.

ಆ ಸೊನ್ನೆಗೆ ಕಾರಣ ಅವನಿಗೆ ತಿಳಿದದ್ದು ಅವಳು ಅದನ್ನು ಬರೆದು ಮೂರು ವರ್ಷ ಕಳೆದ ಮೇಲೆ. ಲೈಬ್ರರಿಯ ಮೂಲೆಯಲ್ಲಿ ಒಂದು ದಪ್ಪ ಪುಸ್ತಕ ಸಿಕ್ಕಿತು. ಬಾಗು ಹೆಚ್ಚಿದಷ್ಟೂ ಚಾರ್ಜು ಹೆಚ್ಚು ಎಂಬ ಮಾತನ್ನು ಪಾಠಗಳಲ್ಲಿ ತೋರಿಸಿಕೊಡುವುದು ದೂರ ದೂರ ಇಟ್ಟು ಉದ್ದ ತಂತಿಯಿಂದ ಜೋಡಿಸಿದ ಎರಡು ಗುಂಡುಗಳ ಮೇಲೆ. ಅದನ್ನು ಎಲ್ಲ ಆಕಾರದ ಮೈಗೂ ಕಣ್ಣುಮುಚ್ಚಿ ಹಚ್ಚಬಾರದು ಎಂದು ಅದರಲ್ಲಿತ್ತು. ಒಂದೇ ಜಾತಿಯ ಚಾರ್ಜುಗಳು ಒಂದನ್ನೊಂದು ದೂಡಿಕೊಂಡು ಆದಷ್ಟು ಹೊರಕ್ಕೆ ಹೋಗಿ ಕೂರುತ್ತವೆ. ಹೊರಕ್ಕೆ ಚಾಚಿದ ಚೂಪಿನಲ್ಲಿ ಕಿಕ್ಕಿರಿಯುತ್ತವೆ, ನಿಜ. ಆದರೆ ಆಳವಾದ ಗುಳಿಯೊಳಗೆ ಎಂಥ ಚೂಪಿದ್ದರೂ ಸುತ್ತಲಿನ ಗೋಡೆ ಅದನ್ನು ಮರೆಮಾಡಿರುತ್ತದೆ. ಅಲ್ಲಿ ಹೆಚ್ಚುಕಡಿಮೆ ಏನೂ ಇರುವುದಿಲ್ಲ. ಓದಿದವನು ಪುಸ್ತಕ ಮುಚ್ಚಿ, ಯಾರಾದರೂ ನೋಡಿದರೇನೋ ಎಂದು ಸುತ್ತ ಕಣ್ಣಾಡಿಸಿದ್ದ. ಆ ಶನಿವಾರ ಎಲ್ಲರೂ ಹೋದ ಮೇಲೆ ಸ್ಪಿರಿಟ್ ದೀಪದಲ್ಲಿ ಅರಗು ಕರಗಿಸಿ ಗುಳಿಗೆ ತುಂಬಿ, ಮೇಲೆ ಹಿತ್ತಾಳೆ ಬಣ್ಣ ಬಳಿದ. ಬೀಗ ಹಾಕಲು ಬಂದ ಅಟೆಂಡರಿಗೆ, “ದೂಳು ಕೂತ್ಕೊಳ್ಳುತ್ತೆ,” ಎಂದ. ಆತ, “ಹೌದು ಸರ್, ದೂಳು,” ಎಂದ. ಆ ಎರಡು ಮಾತನ್ನು ಆತ ಹೇಳಿದ ರೀತಿಗೆ ಅವನು ವರ್ಷಗಟ್ಟಲೆ ಆತನಿಗೆ ಮುಖ ಕೊಟ್ಟು ಮಾತಾಡಿರಲಿಲ್ಲ. ಹುಡುಗಿಯ ವಿಳಾಸ ಕಾಲೇಜಿನ ಕಚೇರಿಯಲ್ಲಿ ಇದ್ದೇ ಇತ್ತು. ಒಂದು ಕಾರ್ಡು ಬರೆದಿದ್ದರೆ ಸಾಕಿತ್ತು.

“ಸೋರೆಕಾಯಿ ಇದೆಯಾ ಇನ್ನೂ?” ಎಂದು ಅವರು ಕೈ ತೊಳೆದುಕೊಂಡು ಎದ್ದರು. ಅವನು ಹಿಂದೆಯೇ ಹೋದ. ಅವರು ದಪ್ಪ ತುದಿಯ ಕಡೆ ಬಗ್ಗಿ, ಬೆರಳಿನಿಂದ ಸವರಿ, ಮತ್ತೆ ಸವರಿದರು. “ಇಲ್ಲೊಂದು ಗುಳಿ ಇತ್ತಲ್ಲಾ ಸರ್?” ಎಂದರು. ಆಮೇಲೆ, ಅವನು ಬಾಯಿ ತೆರೆಯುವ ಮೊದಲೇ, “ಇಲ್ಲ ಬಿಡಿ. ನನಗೇ ಸರಿಯಾಗಿ ನೆನಪಿಲ್ಲ,” ಎಂದುಬಿಟ್ಟರು. ಆ ‘ಬಿಡಿ’ ಎಷ್ಟು ಬೇಗ ಬಂತೆಂದರೆ, ಅವರು ಅದನ್ನು ದಿನಕ್ಕೆ ಎಷ್ಟೋ ಸಲ ತಮಗೆ ತಾವೇ ಹೇಳಿಕೊಳ್ಳುತ್ತಿರಬೇಕು.

“ಇತ್ತು,” ಎಂದ ಅವನು. ಸ್ವರ ಒಡೆಯಿತು. “ಗುಳಿ ಇತ್ತು. ನಾನೇ ಮುಚ್ಚಿದೆ.”

ಸ್ಕ್ರೂಡ್ರೈವರನ್ನು ಬಿಸಿ ಮಾಡಿ ಅರಗಿಗೆ ಚುಚ್ಚಿದ. ಹಿತ್ತಾಳೆಯ ಮೇಲೆ ಎರಡು ಗೀರು ಬಿದ್ದವು. ಇಪ್ಪತ್ತು ವರ್ಷ ದಾಟಿದ ಅರಗು ಸುಲಭಕ್ಕೆ ಬರಲಿಲ್ಲ, ಚೂರು ಚೂರಾಗಿ ಮೇಜಿನ ಮೇಲೆ ಉದುರಿತು. ಅಟೆಂಡರು ತಾನಾಗಿ ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆ ತಂದುಕೊಟ್ಟು ಹೋದ. ಸ್ಕ್ರೂವಿನ ತಲೆ ಕಂಡಿತು. ಗಾಜಿನ ಕಾಲಿಗೆ ಬಿಸಿಗಾಳಿ ಹಿಡಿದು, ಯಂತ್ರ ತಿರುಗಿಸಿ, ಕಡ್ಡಿಯನ್ನು ಅವರ ಕೈಗೆ ಕೊಟ್ಟ. “ನೀವೇ ಮಾಡಿ.” ಅವರು ಮೊದಲು ಚೂಪು ತುದಿಗೆ ಮುಟ್ಟಿಸಿದರು, ರೇಕುಗಳು ಪಟ್ಟನೆ ಹಾರಿ ತೆರೆದವು. ಪೆಟ್ಟಿಗೆಯ ಮೇಲಿನ ಗುಬುಟಿಗೆ ಬೆರಳು ತಾಗಿಸಿ ರೇಕುಗಳನ್ನು ಮಲಗಿಸಿ, ಗುಂಡನ್ನು ಗುಳಿಗೆ ಇಳಿಸಿದರು. ಅದೇ ಬಿಗಿಹಿಡಿದ ಉಸಿರು, ಅದೇ ನಾಜೂಕು. ರೇಕುಗಳು ಅಲುಗಲಿಲ್ಲ. ಅವರು ಇನ್ನೊಮ್ಮೆ ಮಾಡಿದರು. ಮತ್ತೊಮ್ಮೆ ಮಾಡಿದರು. ಅಭ್ಯಾಸಬಲದಿಂದ, “ಸರ್, ಒಂದ್ಸಲ ನೋಡ್ತೀರಾ?” ಎಂದು ಶುರು ಮಾಡಿದವರು ಅರ್ಧಕ್ಕೇ ನಿಲ್ಲಿಸಿದರು.

“ಇದು ಹೀಗೇ ಇರ್ಬೇಕು,” ಎಂದು ಅವನು ಕಾರಣ ಹೇಳಿದ. ಹೊರಕ್ಕೆ ದೂಡಿಕೊಳ್ಳುವುದು, ಗುಳಿಯ ಮರೆ, ಎಲ್ಲವನ್ನೂ. ಪಾಠ ಮಾಡುವಾಗ ಸ್ವರ ಸರಿಯಾಯಿತು. ಅದಕ್ಕೂ ನಾಚಿಕೆಯಾಯಿತು.

ಅವರು ಸ್ಟೂಲಿನ ಮೇಲೆ ಕೂತರು. “ಆಗ ನಿಮಗೂ ಇದು ಗೊತ್ತಿರ್ಲಿಲ್ಲ ಅಲ್ವಾ ಸರ್? ಪುಸ್ತಕದಲ್ಲೇ ಹಾಗಿತ್ತು. ನಿಮ್ಮ ತಪ್ಪೇನಿದೆ,” ಎಂದರು.

ಆ ಮಾತು ಅವನಿಗೆ ತಪ್ಪಿಸಿಕೊಳ್ಳುವ ಬಾಗಿಲು ತೆರೆದು ಹಿಡಿದಿತ್ತು. ಅವನು ಹೂಂ ಎಂದಿದ್ದರೆ ಸಾಕಿತ್ತು; ಅದು ಮುಕ್ಕಾಲು ಪಾಲು ನಿಜವೂ ಆಗಿತ್ತು. ಅವಳಿಗೆ ಅವಳ ಕಣ್ಣು ವಾಪಸ್ಸು ಸಿಗುತ್ತಿತ್ತು, ಅವನ ಮಾನವೂ ಉಳಿಯುತ್ತಿತ್ತು. ಸಂಜೆ ಹೆಂಡತಿಗೆ ಇನ್ನೊಂದು ಕತೆ ಹೇಳಬಹುದಾಗಿತ್ತು, ಇಬ್ಬರು ವಿಜ್ಞಾನಿಗಳು ಒಂದು ಹಳೆಯ ತಪ್ಪನ್ನು ಸರಿಪಡಿಸಿದ ಕತೆ. ಅವನಿಗೆ ಆ ಕತೆಯ ವಾಕ್ಯಗಳು ಆಗಲೇ ಕೇಳಿಸತೊಡಗಿದ್ದವು.

“ಕಾರಣ ಗೊತ್ತಿರ್ಲಿಲ್ಲ,” ಎಂದ. “ಆದ್ರೆ ರೇಕು ತೆರೀದೇ ಇದ್ದಿದ್ದು ನೋಡಿದ್ದೆ.”

“ಯಾವಾಗ?”

“ಅವತ್ತೇ. ನೀವು ಮೂರು ಸಲ ಮಾಡಿದ್ರಿ. ಮೂರು ಸಲಾನೂ ನಾನು ಪಕ್ಕದಲ್ಲೇ ನಿಂತು ನೋಡಿದ್ದೆ. ಕೊನೇ ಸಲ ಯಂತ್ರ ತಿರುಗಿಸಿದ್ದೂ ನಾನೇ.”

ಅವರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. “ನೀವು ನಿಂತಿದ್ದು ನನಗೆ ನೆನಪಿತ್ತು ಸರ್,” ಎಂದರು. ಮೆತ್ತಗೆ, ಬೇರೆ ಯಾರದೋ ವಿಷಯ ಹೇಳುವವರ ಹಾಗೆ. “ಒಂದೆರಡು ವರ್ಷ ನೆನಪಿತ್ತು. ಆಮೇಲೆ, ಇಲ್ಲ, ಸರ್ ನಿಂತಿರ್ಲಿಲ್ಲ, ನಾನೇ ಕಲ್ಪಿಸ್ಕೊಂಡಿದೀನಿ ಅನ್ಕೊಂಡೆ. ಯಾಕಂದ್ರೆ ನಿಂತಿದ್ದೋರು ನಿಂತಿಲ್ಲ ಅಂತ ಹೇಳಲ್ಲ ಅಲ್ವಾ.”

“ನನ್ನನ್ನ ಕ್ಷಮಿಸಿ,” ಎಂದ ಅವನು. ಅಷ್ಟು ದಿನ ಹೊತ್ತ ಮಾತು ಹೊರಗೆ ಬಂದಾಗ ಏನೂ ತೂಕವಿರಲಿಲ್ಲ.

ಬಾಗಿಲ ಆಚೆ ಮಧ್ಯಾಹ್ನದ ತಂಡದ ಗುಜುಗುಜು ಕೇಳುತ್ತಿತ್ತು. ಅವರು ಕನ್ನಡಕ ಹಾಕಿಕೊಂಡರು. “ನಾನು ತಪ್ಪಾಯ್ತು ಅಂತ ಬರೆದುಕೊಟ್ಟಿದ್ದು ಎಲ್ಲರ ಎದುರಿಗೆ ಸರ್,” ಎಂದು ಹೇಳಿ, ಅಟೆಂಡರನ್ನು ಕರೆದು, “ಅವರನ್ನ ಒಳಗೆ ಬಿಡಿ,” ಎಂದರು. ಹುಡುಗರು, ಹುಡುಗಿಯರು ಒಬ್ಬರ ಹಿಂದೆ ಒಬ್ಬರು ಬಂದು, ಚೀಟಿ ಎತ್ತುವುದಕ್ಕೆಂದು ಮೇಜಿನ ಸುತ್ತ ನಿಂತರು. “ಶುರು ಮಾಡೋಕೆ ಮುಂಚೆ ನಿಮ್ಮ ಸರ್ ಒಂದು ವಿಷಯ ಹೇಳ್ತಾರೆ. ಕೇಳಿ,” ಎಂದು ಹೇಳಿ ಅವರು ತಮ್ಮ ಸ್ಟೂಲನ್ನು ಎಳೆದುಕೊಂಡು ಆ ಹನ್ನೆರಡು ಜನರ ನಡುವೆ ಕೂತರು.

ನೆಲ ಬಾಯಿ ಬಿಡಲಿಲ್ಲ. ಅವನು ಹೇಳಿದ. ಇದೇ ಮೇಜಿನ ಮುಂದೆ ಒಬ್ಬ ಹುಡುಗಿ ಸರಿಯಾದ ರೀಡಿಂಗು ಬರೆದಿದ್ದಳು ಎಂದ. ತಾನು ಅದನ್ನು ಕಣ್ಣಾರೆ ನೋಡಿದ್ದೆ ಎಂದ. ನೋಡಿಲ್ಲ ಎಂದು ಹೇಳಿ ಅವಳಿಂದ ತಪ್ಪೊಪ್ಪಿಗೆ ಬರೆಸಿದೆ, ಸುಳ್ಳು ಸಂಖ್ಯೆ ಬರೆಸಿದೆ, ಆಮೇಲೆ ಯಾರಿಗೂ ಕಾಣದ ಹಾಗೆ ಗುಳಿಗೆ ಅರಗು ತುಂಬಿದೆ ಎಂದ. ಯಾವ ಹುಡುಗಿ ಎಂದು ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ, ಮಕ್ಕಳು ಒಬ್ಬೊಬ್ಬರಾಗಿ ಪರೀಕ್ಷಕಿಯ ಕಡೆ ನೋಡುತ್ತಿದ್ದರು. ಮುಂದಿನ ಸಾಲಿನ, ಎಣ್ಣೆಗಟ್ಟಿದ ಮುಖದ ಹುಡುಗ, ಪರೀಕ್ಷೆಯ ಭಯವೆಲ್ಲ ಮರೆತು, “ಮತ್ತೆ ಯಾಕ್ ಸರ್ ನೋಡಿಲ್ಲ ಅಂದ್ರಿ?” ಎಂದು ಕೇಳಿದ.

ಉತ್ತರ ಸಿದ್ಧವಿತ್ತು. ದೊಡ್ಡ ಮೇಷ್ಟ್ರ ಭಯ. ಕೆಲಸದ ಕಡತ. “ಆಗ ನಮ್ಮ ಹೆಡ್ಡು...” ಎಂದು ಬಾಯಿ ತೆರೆದ. ತೆರೆದ ಬಾಯಲ್ಲೇ ಆ ದಿನದ ದೊಡ್ಡ ಮೇಷ್ಟ್ರು ಕಣ್ಣೆದುರು ಬಂದರು. ಅವರು ಗುಡುಗಿರಲಿಲ್ಲ. ಅವರಿಗೆ ಅವತ್ತು ಗಂಟಲು ಕಟ್ಟಿತ್ತು, ಕೊರಳಿಗೆ ಮಫ್ಲರು ಸುತ್ತಿಕೊಂಡಿದ್ದರು. “ಸೊನ್ನೆನಾ? ನೀವು ನೋಡಿದ್ರಾ? ನೋಡಿದ್ರೆ ನನಗೂ ಒಂದ್ಸಲ ತೋರಿಸಿ,” ಎಂದು ಪಿಸುಗುಟ್ಟಿದಂತೆ ಕೇಳಿದ್ದರು, ಆಸೆಯಿಂದ. ಕೆಲಸ ಕಾಯಮ್ಮಾದ ಪತ್ರ ಅದಕ್ಕೆ ಒಂದು ವಾರ ಮೊದಲೇ ಅವನ ಕೈಸೇರಿತ್ತು. ಅದಕ್ಕೇ ಹೊಸ ಷರಟು ಹಾಕಿಕೊಂಡು ಬಂದಿದ್ದ. ಅಷ್ಟು ವರ್ಷ ಒಂದೊಂದೇ ಎಳೆ ಸೇರಿಸಿ ನೇಯ್ದುಕೊಂಡಿದ್ದ ಭಯ ಹನ್ನೆರಡು ಮಕ್ಕಳ ಮುಂದೆ ಮೈಮೇಲಿಂದ ಜಾರಿತು.

“ಯಾರೂ ಹೆದರಿಸಿರ್ಲಿಲ್ಲ,” ಎಂದ. “ನಾನು ಆ ಸೋರೆಕಾಯೀನ ದಿನಾ ಒರೆಸ್ತಿದ್ದೆ. ಬೆರಳಿಗೆ ಬಟ್ಟೆ ಸುತ್ಕೊಂಡು ಆ ಗುಳೀನೂ ಒರೆಸ್ತಿದ್ದೆ. ಅಲ್ಲಿ ಮುಟ್ಟಿಸಿ ನೋಡ್ಬೇಕು ಅಂತ ನನಗೆ ಒಂದು ದಿನವೂ ಹೊಳೀಲಿಲ್ಲ. ಅವಳಿಗೆ ಮೊದಲನೇ ಸಲಕ್ಕೇ ಹೊಳೀತು. ನನಗದನ್ನ ತಡ್ಕೊಳ್ಳೋಕಾಗ್ಲಿಲ್ಲ. ಅಷ್ಟೇ.”

ಹುಡುಗ ಕೇಳಬಾರದ್ದನ್ನು ಕೇಳಿದವನ ಹಾಗೆ ತಲೆ ತಗ್ಗಿಸಿದ. ಪರೀಕ್ಷಕಿ ತಮ್ಮ ಹಳೆಯ ಮೇಷ್ಟ್ರನ್ನು ಪೂರ್ತಿ ಒಂದು ನಿಮಿಷ ನೋಡಿದರು. ಆಮೇಲೆ ಕೈಗಡಿಯಾರ ನೋಡಿಕೊಂಡು, “ಹತ್ತು ನಿಮಿಷ ತಡವಾಯ್ತು. ಚೀಟಿ ಎತ್ತಿಕೊಂಡು ನಿಮ್ಮ ನಿಮ್ಮ ಮೇಜಿಗೆ ಹೋಗಿ,” ಎಂದರು. ಮಕ್ಕಳು ಚದುರಿದರು. ಸ್ಟೂಲುಗಳು ನೆಲಕ್ಕೆ ಉಜ್ಜಿದ ಸದ್ದು, ಯಾರೋ ಪೆನ್ಸಿಲು ಕೇಳಿದ ಸದ್ದು. ಅವನು ನಿಂತಲ್ಲೇ ನಿಂತಿದ್ದ. ಅವನು ಎಲ್ಲಿಗೆ ಹೋಗಬೇಕು ಎಂದು ಯಾರೂ ಹೇಳಲಿಲ್ಲ.